ಶೆಟ್ಟಿಹಳ್ಳಿಯ ರೋಸರಿ ಚರ್ಚ್

ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಹಾಸನ ಜಿಲ್ಲೆಯಲ್ಲಿ ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿರುವ ಪಾಳುಬಿದ್ದ ಕ್ಯಾಥೋಲಿಕ್ ಇಗರ್ಜಿ. ಗಾಥಿಕ್ ಶೈಲಿಯ ಈ ಇಟ್ಟಿಗೆ ಕಟ್ಟಡ ಹಾಸನ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಮಳೆಗಾಲದಲ್ಲಿ ಇದರ ಬಹುಭಾಗ ಮುಳುಗುವುದರಿಂದ 'ಮುಳುಗುವ ಚರ್ಚ್' ಎಂದೂ ಪ್ರಸಿದ್ಧವಾಗಿದೆ.

ಇತಿಹಾಸ

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಇದನ್ನು ಕಟ್ಟಿಸಿದರು. ಹಾಸನ ಸೀಮೆಗೆ ಫ್ರೆಂಚ್ ಮಿಷನ್ನಿನ ನಂಟು ಅದಕ್ಕೂ ಹಳೆಯದು. 'ದೊಡ್ಡಸ್ವಾಮಿ'ಯೆಂದು ಜನ ಕರೆಯುತ್ತಿದ್ದ ಅಬೆ ದ್ಯುಬುವಾ ಅವರು 1823ರಲ್ಲಿ ಸ್ವದೇಶಕ್ಕೆ ಮರಳುವ ಮೊದಲೇ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಸ್ಥಾಪಿಸಿದ್ದರು. ಆಲೂರು, ಸಕಲೇಶಪುರಗಳ ಬ್ರಿಟಿಷ್ ಕಾಫಿತೋಟದ ಮಾಲೀಕರಿಗಾಗಿಯೇ ಈ ಚರ್ಚ್ ನಿರ್ಮಾಣವಾಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಬ್ರಿಟಿಷ್ ತೋಟಗಾರರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಇದು ಜಪಮಾಲೆ ಮಾತೆಗೆ ಮುಡಿಪಾದ ಕ್ಯಾಥೋಲಿಕ್ ಇಗರ್ಜಿ. ಹಳ್ಳಿಯ ಒಕ್ಕಲು ಕ್ರೈಸ್ತರನ್ನು ಬಿಟ್ಟು ಇದರ ಚರಿತ್ರೆಯನ್ನು ಹೇಳಲಾಗದು.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹೊಲಗದ್ದೆಗಳೊಂದಿಗೆ ಊರೂ ಮುಳುಗಡೆಯಾಗಿ, ನಿವಾಸಿಗಳು ಬೇರೆಡೆಗೆ ಹೋಗಬೇಕಾಯಿತು. ಚರ್ಚು 1960ರಲ್ಲೇ ಮುಳುಗಿತೆಂದು ಕೆಲವೆಡೆ ಬರೆದಿರುವುದುಂಟು. ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಸುಮಾರು 37 ಟಿಎಂಸಿ ಸಾಮರ್ಥ್ಯದ ಈ ಜಲಾಶಯ ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಭೂಮಿಗೆ ನೀರುಣಿಸುತ್ತದೆ. ಆ ನೀರಾವರಿಗೆ ಶೆಟ್ಟಿಹಳ್ಳಿ ತೆತ್ತ ಬೆಲೆಗೆ ಸಾಕ್ಷಿಯಾಗಿ ಉಳಿದಿರುವುದು ಈ ಗೋಡೆಗಳು.

ಕಟ್ಟಡ

ಛಾವಣಿಯೂ ಕಿಟಕಿಯ ಗಾಜುಗಳೂ ಈಗಿಲ್ಲ. ಚೂಪು ತುದಿಯ ಕಮಾನುಗಳು, ಎತ್ತರದ ಗೋಡೆಗಳು ಹಾಗೂ ಬಲಿಪೀಠವಿದ್ದ ಕಡೆಯ ಕೊಂಚ ಭಾಗ ಉಳಿದಿವೆ. ಗಿಲಾವು ಉದುರಿದೆಡೆ ಕೆಂಪು ಇಟ್ಟಿಗೆ ಕಾಣುತ್ತದೆ. ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರೆಂಬುದು ಸ್ಥಳೀಯರ ಮಾತು. ದಕ್ಷಿಣ ಭಾರತದ ಹಳೆಯ ಕಟ್ಟಡಗಳ ಸುಣ್ಣದ ಗಾರೆಯಲ್ಲಿ ಇಂಥ ಬೆರಕೆ ರೂಢಿಯಲ್ಲಿತ್ತು.

ಪ್ರತಿವರ್ಷ ತಿಂಗಳುಗಟ್ಟಲೆ ನೆನೆದು, ಬೇಸಗೆಯಲ್ಲಿ ಒಣಗುವುದೇ ಗೋಡೆಗಳಿಗೆ ದೊಡ್ಡ ಅಪಾಯ. ನೀರು ಸುಣ್ಣವನ್ನು ಕರಗಿಸುತ್ತದೆ, ಬಿರುಕುಗಳಲ್ಲಿ ಗಿಡಗಳು ಬೇರುಬಿಡುತ್ತವೆ. ಇಟ್ಟಿಗೆಯ ಮೇಲೆ ಹೆಸರು ಕೆತ್ತುವ ಪ್ರವಾಸಿಗರ ಚಪಲವೂ ಸೇರಿಕೊಂಡಿದೆ.

ಭೇಟಿ

ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಕಟ್ಟಡ ನೀರಿನಲ್ಲಿರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ನೀರು ಇಳಿದಾಗ, ಒಳಗೆ ನಡೆದು ನೋಡಬಹುದು. ಜಲಾಶಯದ ಮಟ್ಟವನ್ನು ಅವಲಂಬಿಸಿ ಈ ಅವಧಿ ಹಿಂದುಮುಂದಾಗುತ್ತದೆ. ಗೋಡೆಗಳು ಶಿಥಿಲವಾಗಿರುವುದರಿಂದ ಕಮಾನುಗಳ ಅಡಿಯಲ್ಲಿ ನಿಲ್ಲುವುದು, ಮೇಲೇರುವುದು ಸುರಕ್ಷಿತವಲ್ಲ.