ರಾಜಧಾನಿಯು ಹಳ್ಳಿಯಾದ ಬಗೆ

ನಮ್ಮ ನೀಲಗಿರಿಯನ್ನು ಹೆಸರಿಸುವ ಶಾಸನಗಳಲ್ಲಿ ಬಹು ಹಳೆಯದು ಚಾಮರಾಜನಗರದಲ್ಲಿದೆ. ಅದರ ಕಾಲ ಕ್ರಿ. ಶ. ೧೧೧೭. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಅದು ಅವನನ್ನು ಹೊಗಳುತ್ತದೆ. ಆ ದಂಡನಾಯಕನ ಒಡೆಯನು ಆಳುತ್ತಿದ್ದ ರಾಜಧಾನಿ ದೋರಸಮುದ್ರ. ಇಂದು ಅದು ಹಾಸನ ಜಿಲ್ಲೆಯ ಬೇಲೂರು ತಾಲೂಕಿಗೆ ಸೇರಿದ ಹಳೇಬೀಡು ಎಂಬ ಊರು. ಕೆತ್ತಿಯ ಕಣಿವೆಯಲ್ಲಿ ಪಾಠ ಹೇಳುವ ನಮಗೆ ಈ ಊರಿನ ಕಥೆ ದೂರದ್ದಲ್ಲ.

ರಾಜಧಾನಿಗೆ ಹೆಸರು ಬಂದದ್ದು ಅದರ ದೊಡ್ಡ ಕೆರೆಯಿಂದ. ೧೧೨೧ರ ವೇಳೆಗೆ ಅಧಿಕಾರಿ ಕೇತಮಲ್ಲನು ಹೊಯ್ಸಳೇಶ್ವರ ದೇವಾಲಯದ ಕೆಲಸವನ್ನು ನಡೆಸಿದನು. ೧೧೩೩ರಲ್ಲಿ ಬೊಪ್ಪನು ತನ್ನ ತಂದೆ ಗಂಗರಾಜನ ನೆನಪಿಗಾಗಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಶಿವಾಲಯವೂ ಬಸದಿಯೂ ಒಂದೇ ಕೋಟೆಯೊಳಗೆ ಬೆಳೆದ ಪಟ್ಟಣವದು. ೧೩೧೧ರಲ್ಲಿ ಮಲಿಕ್ ಕಾಫೂರನ ದಂಡು ಬಂದಿತು. ೧೩೨೭ರ ಸುಮಾರಿಗೆ ತುಘಲಕನ ಸೈನ್ಯ ಬಂದಿತು. ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯನ್ನು ನೆಲೆಮಾಡಿಕೊಂಡನು. ಅರಸನು ಹೋದನು, ಪಟ್ಟಣವು ಬಡವಾಯಿತು. ಉಳಿದ ಜನರು ಅದನ್ನು ಹಳೆಯ ಬೀಡೆಂದು ಕರೆದರು. ಬೀಡೆಂದರೆ ಅರಸನ ನೆಲೆ. ಸಾಮ್ರಾಜ್ಯದ ಏಳುಬೀಳನ್ನು ಜನರು ಎರಡೇ ಮಾತಿನಲ್ಲಿ ಬರೆದಿಟ್ಟಂತಾಯಿತು.

ಇಂಥ ಗತಿ ಹಳೇಬೀಡೊಂದಕ್ಕೇ ಬಂದುದಲ್ಲ. ಈಜಿಪ್ಟಿನ ಪ್ರಾಚೀನ ರಾಜಧಾನಿ ಮೆಂಫಿಸ್ ಇದ್ದ ನೆಲದಲ್ಲಿ ಈಗ ಮಿತ್ ರಹೀನಾ ಎಂಬ ಹಳ್ಳಿಯಿದೆ. ಮನೆಗಳ ಮತ್ತು ಖರ್ಜೂರದ ತೋಪುಗಳ ಅಡಿಯಲ್ಲಿ ಪಟ್ಟಣವು ಹುದುಗಿದೆ. ಅಂತರ್ಜಲವು ಮೇಲಿರುವುದರಿಂದ ಅಗೆಯುವುದೂ ಕಷ್ಟ.

ಹಳೇಬೀಡಿನಲ್ಲಿಯೂ ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು. ನಗರೇಶ್ವರದ ದಿಬ್ಬವನ್ನು ಅಗೆದಾಗ ದೇವಾಲಯಗಳ ತಳಪಾಯಗಳು ಹೊರಬಂದವು. ಕೋಟೆಯ ಗೋಡೆಯು ಹೊಲಗಳ ನಡುವೆ ಹಾದುಹೋಗುತ್ತದೆ. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇದು ಸಂತೋಷದ ಸಂಗತಿ. ಆದರೆ ೨೦೧೦ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದಿಂದ ೧೦೦ ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆ ೨೦೦ ಮೀಟರಿನವರೆಗೆ ಅಪ್ಪಣೆ ಬೇಕು. ಮಗನ ಮದುವೆಗೆಂದು ಒಂದು ಕೋಣೆ ಹೆಚ್ಚಿಸಬೇಕೆನ್ನುವ ಮನೆಯವನಿಗೆ ವಿಷ್ಣುವರ್ಧನನ ಕೀರ್ತಿಯು ಹೀಗೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಕಾಯಿದೆಯು ಅವಶ್ಯಕವೇ ಸರಿ. ಅದಿಲ್ಲದಿದ್ದರೆ ಇನ್ನೂ ಅಗೆಯದ ಚರಿತ್ರೆಯು ಹೊಸ ತಳಪಾಯಗಳ ಕೆಳಗೆ ಅಳಿದೀತು. ಆದರೆ ಅದರ ಭಾರವನ್ನು ಹೊರುವವರು ಯಾರೆಂಬುದನ್ನು ನೋಡಿಬರುವ ನಾವು ಮರೆಯಬಾರದು. ಅರಸರು ಬಿಟ್ಟುಹೋದ ನೆಲದಲ್ಲಿ ಉತ್ತು ಬಿತ್ತಿ ಊರನ್ನು ಉಳಿಸಿದವರು ಇಂಥ ಒಕ್ಕಲು ಮಕ್ಕಳೇ.

ಈ ದೃಷ್ಟಿಯಿಂದ ಪುಣಿಸನ ಶಾಸನವನ್ನು ಮತ್ತೊಮ್ಮೆ ಓದಬೇಕು. ಬೆದರಿಸಿದವನ ರಾಜಧಾನಿ ಹಳ್ಳಿಯಾಯಿತು. ಬೆದರಿದರೆಂದು ಬರೆಯಲ್ಪಟ್ಟ ತೋಡರು ಇಂದಿಗೂ ಇದೇ ಬೆಟ್ಟದಲ್ಲಿ ತಮ್ಮ ಎಮ್ಮೆಗಳೊಡನೆ ಬಾಳುತ್ತಿದ್ದಾರೆ. ಗೆದ್ದವರ ಮಾತು ಕಲ್ಲಿನಲ್ಲಿದೆ. ಸೋತವರೆನಿಸಿಕೊಂಡವರು ಬಾಳಿನಲ್ಲಿ ಉಳಿದಿದ್ದಾರೆ. ಚರಿತ್ರೆಯ ಪಾಠದಲ್ಲಿ ಇವೆರಡಕ್ಕೂ ಎಡೆಯಿರಬೇಕು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಸೂಚನೆ. ವಿದ್ಯಾರ್ಥಿಗಳನ್ನು ಹಳೇಬೀಡಿಗೆ ಕರೆದೊಯ್ದಾಗ ದೇವಾಲಯದ ಶಿಲ್ಪವನ್ನು ತೋರಿಸಿದ ಮೇಲೆ ಊರಿನ ಬೀದಿಯಲ್ಲಿಯೂ ಕೆರೆಯ ಏರಿಯ ಮೇಲೆಯೂ ಒಂದು ಗಳಿಗೆ ನಡೆಯಿಸಿರಿ. ಅಲ್ಲಿಯ ಹಿರಿಯರೊಬ್ಬರನ್ನು ಮಾತನಾಡಿಸಲು ಹೇಳಿರಿ. ರಾಜಧಾನಿಯು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರವು ಆ ಬೀದಿಯಲ್ಲಿಯೇ ದೊರೆಯುತ್ತದೆ.