ಕೃಷಿತ್ಯಾಜ್ಯದ ಪೊಟ್ಟಣ ಫಿಲ್ಮ್: ಕೊಳೆಯುವುದೆಷ್ಟು, ಉಳಿಯುವುದೆಷ್ಟು?

ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಅಡಿಕೆ, ಹೊನ್ನಾಳಿ ಮತ್ತು ನ್ಯಾಮತಿಗಳಲ್ಲಿ ಭತ್ತ ಹಾಗೂ ಮೆಕ್ಕೆಜೋಳ, ಮಳೆಯಾಶ್ರಿತ ಜಗಳೂರಿನಲ್ಲಿ ಮೆಕ್ಕೆಜೋಳ ಪ್ರಮುಖ ಬೆಳೆಗಳು. ಸುಲಿದ ಅಡಿಕೆಯ ಸಿಪ್ಪೆ, ಕಾಳು ಬಿಡಿಸಿದ ತೆನೆಯ ಬೆಂಡು, ಭತ್ತದ ತೂಕದಲ್ಲಿ ಸುಮಾರು ಐದನೇ ಒಂದರಷ್ಟಿರುವ ಹೊಟ್ಟು ಈ ಬೆಳೆಗಳ ಉಳಿಕೆಗಳು. ಇವನ್ನು ನುಣ್ಣಗೆ ಪುಡಿ ಮಾಡಿ ಪಾಲಿಮರ್‌ನಲ್ಲಿ ಬೆರೆಸಿ, ಪೊಟ್ಟಣ ಕಟ್ಟುವ ತೆಳುವಾದ ಫಿಲ್ಮ್ ತಯಾರಿಸಬಹುದು.

ತಯಾರಿಕೆ

ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಪಿಷ್ಟವನ್ನು ನೀರು ಮತ್ತು ಗ್ಲಿಸರಿನ್ ಜೊತೆ ಕಾಯಿಸಿ, ಪುಡಿ ಸೇರಿಸಿ, ಸಮತಟ್ಟಾದ ತಟ್ಟೆಯಲ್ಲಿ ಹರಡಿ ಒಣಗಿಸಲಾಗುತ್ತದೆ. ಕಾರ್ಖಾನೆಗಳಲ್ಲಿ ಪಿಎಲ್‌ಎ, ಪಿಬಿಎಟಿಯಂತಹ ಪಾಲಿಮರ್‌ಗಳನ್ನು ಕರಗಿಸಿ, ಗಾಳಿ ಊದಿ ಫಿಲ್ಮ್ ಮಾಡಲಾಗುತ್ತದೆ. ಪಿಎಲ್‌ಎ ಸಕ್ಕರೆಯ ಹುದುಗುವಿಕೆಯಿಂದ ದೊರೆಯುವಂಥದು. ಪಿಬಿಎಟಿ ಪೆಟ್ರೋಲಿಯಂ ಮೂಲದ್ದಾದರೂ ಕೊಳೆಯಬಲ್ಲದು.

ಪುಡಿಯಿಂದ ವೆಚ್ಚ ತಗ್ಗುತ್ತದೆ, ಫಿಲ್ಮ್‌ಗೆ ಬಿಗಿ ಬರುತ್ತದೆ. ಪ್ರಮಾಣ ಮೀರಿದರೆ ಫಿಲ್ಮ್ ಹರಿಯುತ್ತದೆ. ನಾರಿನ ಪುಡಿ ತೇವ ಹೀರುವುದರಿಂದ ಪಾಲಿಮರ್‌ಗೆ ಸರಿಯಾಗಿ ಅಂಟದು. ಆದ್ದರಿಂದ ಅದನ್ನು ಮೊದಲು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯುವುದುಂಟು.

ಕೊಳೆಯುವ ಗುಣ ಎಲ್ಲಿಯದು?

ಫಿಲ್ಮ್ ಕೊಳೆಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹೊಟ್ಟಲ್ಲ, ಪಾಲಿಮರ್. ಸಾಮಾನ್ಯ ಪಾಲಿಥೀನ್‌ಗೆ ಹೊಟ್ಟು ಬೆರೆಸಿದರೆ ಹೊಟ್ಟು ಮಾತ್ರ ಕೊಳೆತು, ಪ್ಲಾಸ್ಟಿಕ್ ಚೂರುಗಳಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಪಿಎಲ್‌ಎ ಕೂಡ ಬೇಗ ಕೊಳೆಯಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದ ಗೊಬ್ಬರ ಘಟಕ ಬೇಕು. ಹೊಲದ ಬದುವಿನಲ್ಲಿ ಎಸೆದರೆ ಅದು ಬಹುಕಾಲ ಹಾಗೆಯೇ ಇರುತ್ತದೆ.

ನಿಯಮ, ಎಚ್ಚರಿಕೆ

ಕರ್ನಾಟಕವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಹಲವು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳಿಗೆ ದೇಶವ್ಯಾಪಿ ನಿಷೇಧವಿದೆ. ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ಐಎಸ್/ಐಎಸ್‌ಒ 17088 ಮಾನದಂಡಕ್ಕೆ ಅನುಗುಣವಾಗಿರಬೇಕು. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಗೊಬ್ಬರದ ಪರೀಕ್ಷೆಯಲ್ಲಿ 180 ದಿನಗಳೊಳಗೆ ವಸ್ತುವಿನ ಇಂಗಾಲದ ಶೇ 90ರಷ್ಟು ಇಂಗಾಲದ ಡೈ ಆಕ್ಸೈಡ್ ಆಗಬೇಕೆಂಬುದು ಅದರ ಒಂದು ಷರತ್ತು.

ಆಹಾರ ಕಟ್ಟುವ ಫಿಲ್ಮ್‌ಗೆ ಇಷ್ಟೇ ಸಾಲದು. ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣದಿಂದ ಅಡಿಕೆ ಹಾಳೆಯ ತಟ್ಟೆಗಳು ಆಹಾರದ ಬಳಕೆಗೆ ಸ್ವೀಕಾರಾರ್ಹವಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಪ್ರಕಟಿಸಿತು. ಅಡಿಕೆ ಸಿಪ್ಪೆ ಸೇರಿದ ಫಿಲ್ಮ್‌ಗೂ ಇಂಥ ಪರೀಕ್ಷೆ ಅಗತ್ಯ. ಸಸಿ ಬೆಳೆಸುವ ಚೀಲ, ಪಾತಿಯ ಹೊದಿಕೆಗಳಿಗೆ ಈ ತೊಡಕಿಲ್ಲ. ಚನ್ನಗಿರಿಯ ಸಿಪ್ಪೆಗೆ ಅದೇ ಸುರಕ್ಷಿತ ಆರಂಭವಾದೀತು.