ಹೊಳೆಯಾಚೆಯ ಸುದ್ದಿ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಬ್ಯಾಕೋಡು, ತುಮರಿ, ಕಳಸವಳ್ಳಿಯಂಥ ಊರುಗಳು ನೀರಿನಾಚೆ ಉಳಿದವು. ತಾಲ್ಲೂಕು ಕೇಂದ್ರ ಸಾಗರವೇ ಆದರೂ 2025ರವರೆಗೆ ಅಲ್ಲಿಗೆ ಹೋಗಲು ಲಾಂಚು ಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿತೋ, ಕಾಡು ಬಳಸಿ ಬಲು ದೂರ ಸುತ್ತಬೇಕಿತ್ತು, ಇಲ್ಲವೇ ದಡದಲ್ಲೇ ಬೆಳಗು ಮಾಡಬೇಕಿತ್ತು. ರಾತ್ರಿ ಹೆರಿಗೆನೋವು ಕಾಣಿಸಿಕೊಂಡ ಹೆಂಗಸಿನ ಮನೆಯವರು ಪಟ್ಟ ಪಾಡು ಇಲ್ಲಿನ ಪ್ರತಿ ಊರಿನಲ್ಲೂ ಒಂದೊಂದು ಕಥೆ. ನಾಡಿಗೆಲ್ಲ ವಿದ್ಯುತ್ ಕೊಟ್ಟ ನೀರಿನ ಬದಿಯಲ್ಲೇ ಎಷ್ಟೋ ಮನೆಗಳು ಬಹುಕಾಲ ಸೀಮೆಎಣ್ಣೆ ಬುಡ್ಡಿಯಲ್ಲಿದ್ದವು. ಇಂಥ ಕಡೆಯಿಂದ ಸುದ್ದಿ ಹೊರಗೆ ಹೋಗುವ ದಾರಿ ಯಾವುದು? ಟೀವಿ ಸುದ್ದಿಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ಬರುವ ಪ್ರಶ್ನೆ ಇದೇ.

ಮೊದಲು ರೇಡಿಯೋ ಇತ್ತು. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಯಿತು. ಬೆಂಗಳೂರು ಕೇಂದ್ರದ ಪ್ರದೇಶ ಸಮಾಚಾರವನ್ನು ಗಡಿಯಾರ ನೋಡಿಕೊಂಡು ಕೇಳುತ್ತಿದ್ದ ಮನೆಗಳು ನಮ್ಮವು. ಅಡಿಕೆ ಧಾರಣೆ ಬಂದರೆ ಗಂಡಸರು ಎದ್ದು ಕೂರುತ್ತಿದ್ದರು. ಬೆಂಗಳೂರು ದೂರದರ್ಶನ 1981ರ ನವೆಂಬರ್‌ನಲ್ಲಿ ಆರಂಭವಾಯಿತಾದರೂ ಘಟ್ಟದ ಮಡಿಲಿನ ಊರುಗಳಿಗೆ ಚಿತ್ರ ಬಂದದ್ದು ಎಷ್ಟೋ ತಡವಾಗಿ. ಬಂದ ಮೇಲೂ ಒಬ್ಬರು ಅಡಿಕೆಮರದೆತ್ತರದ ಕಂಬಕ್ಕೆ ಕಟ್ಟಿದ ಅಂಟೆನಾ ತಿರುಗಿಸುವುದು, ಒಳಗಿನಿಂದ ಇನ್ನೊಬ್ಬರು 'ಬಂತು, ಬಂತು, ಹೋತು' ಎಂದು ಕೂಗುವುದು! ಆಗಿನ ವಾರ್ತೆಗೆ ಒಂದು ಕ್ರಮವಿತ್ತು. ಮಂತ್ರಿಗಳು ಮೊದಲು, ಆಮೇಲೆ ಒಂದಿಷ್ಟು ಜಿಲ್ಲೆಗಳದ್ದು, ಕೊನೆಗೆ ಆಟ ಮತ್ತು ಹವಾಮಾನ. ನೀರಸವೆಂದು ನಾವು ಗೊಣಗಿದ್ದುಂಟು. ಆದರೆ ಎಷ್ಟೇ ದೊಡ್ಡ ಘಟನೆಯಾದರೂ ಅದು ಆ ಸ್ವಲ್ಪ ಹೊತ್ತಿನ ಬೇಲಿಯೊಳಗೇ ಕೂರಬೇಕಿತ್ತು. 2000ನೇ ಇಸವಿ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ, ಅವರು ಬಿಡುಗಡೆಯಾಗುವವರೆಗಿನ 108 ದಿನವೂ ನಾಡು ಉಸಿರು ಬಿಗಿಹಿಡಿದಿತ್ತು. ಆಗಲೂ ನಾವು ವಾರ್ತೆಯ ಹೊತ್ತಿಗೆ ಕೂತು ನೋಡಿ, ಎದ್ದು ಅಡುಗೆಗೆ ಹೋಗುತ್ತಿದ್ದೆವು.

ಉದಯ ಟೀವಿ 1994ರಲ್ಲೇ ಬಂದಿತ್ತು. 2000ದ ಕೊನೆಗೆ ಈಟೀವಿ ಬಂತು. 2006ರಲ್ಲಿ ಟೀವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟೀವಿ. ದಿನವಿಡೀ ಸುದ್ದಿ ಎಂದಾಗ ನಾನೊಂದು ಸರಳ ಲೆಕ್ಕ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಜಿಲ್ಲೆಗೊಂದು ತುತ್ತು ಸಿಗುತ್ತಿದ್ದರೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ಹೊಟ್ಟೆ ತುಂಬಬೇಕಲ್ಲ! ಲೆಕ್ಕದ ಮೇಷ್ಟ್ರುಗಳು ಒಪ್ಪುವ ಲೆಕ್ಕ, ಚಾನೆಲಿನವರು ಒಪ್ಪಲಿಲ್ಲ.

ಅವರ ಕಷ್ಟವನ್ನೂ ಹೇಳಬೇಕು. ರಾಜಧಾನಿಯಲ್ಲಿ ಒಂದು ಗೇಟಿನ ಮುಂದೆ ಕ್ಯಾಮೆರಾ ನಿಲ್ಲಿಸಿದರೆ ಇಡೀ ದಿನ ತುಂಬುತ್ತದೆ, ಖರ್ಚು ಕಡಿಮೆ. ಬ್ಯಾಕೋಡಿಗೆ ಕ್ಯಾಮೆರಾ ಬರಬೇಕೆಂದರೆ ಲಾಂಚಿನ ಸಮಯ ನೋಡಬೇಕಿತ್ತು, ಕೊನೆಯ ಲಾಂಚಿಗೆ ವಾಪಸ್ಸಾಗಬೇಕಿತ್ತು, ಚಿತ್ರ ಕಳಿಸಲು ಮೊಬೈಲು ಸಿಗ್ನಲ್ ಹುಡುಕಬೇಕಿತ್ತು. ತಾಲ್ಲೂಕುಗಳಲ್ಲಿರುವವರು ಹೆಚ್ಚಿನಂಶ ಸಂಬಳದ ವರದಿಗಾರರಲ್ಲ, ಕಳಿಸಿದ ಸುದ್ದಿಗಿಷ್ಟು ಎಂದು ಪಡೆಯುವವರು. ಬೈಕಿನ ಪೆಟ್ರೋಲಿಗೂ ಸಾಲದ ಹಣಕ್ಕೆ ಮಳೆಯಲ್ಲಿ ಓಡಾಡುವ ಈ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಇನ್ನು ಯಾರು ಏನು ನೋಡುತ್ತಾರೆಂದು ಎಣಿಸುವ ಪೆಟ್ಟಿಗೆಯ ಕಥೆ: ಬಹುಕಾಲ ಆ ಲೆಕ್ಕ ಪೇಟೆಯ ಮನೆಗಳದ್ದೇ. ಹಳ್ಳಿಗಳೂ ಅದರೊಳಗೆ ಸೇರಿದ್ದು 2015ರಲ್ಲಿ, ಬಾರ್ಕ್ ಸಂಸ್ಥೆ ಬಂದ ಮೇಲೆ. ಎಣಿಕೆಗೆ ಸಿಗದವರ ಸುದ್ದಿಗೆ ಜಾಹೀರಾತು ಎಲ್ಲಿಂದ ಬರಬೇಕು?

ದೊಡ್ಡ ಸುದ್ದಿ ಚಿಕ್ಕದನ್ನು ನುಂಗುವುದನ್ನು ನಾನು ಕಣ್ಣಾರೆ ಕಂಡದ್ದು 2019ರಲ್ಲಿ. ಆ ವರ್ಷದ ಮೊದಲಿಗೆ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜನರನ್ನು ಒಬ್ಬೊಬ್ಬರಾಗಿ ಎಳೆದುಕೊಳ್ಳುತ್ತಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. ಉಣುಗು ಕಚ್ಚಿ ಬರುವಂಥದ್ದು. ದರಗು ತರಲು ಕಾಡಿಗೆ ಹೋಗುವ ಹೆಂಗಸರು ಮೈಗೆ ಎಣ್ಣೆ ಹಚ್ಚಿಕೊಂಡು, ಮನೆಗೆ ಬಂದು ಬಿಸಿನೀರು ಸುರಿದುಕೊಂಡು, ಆಮೇಲೂ ಒಂದು ವಾರ ಹೆದರಿಕೊಂಡೇ ಇರುತ್ತಿದ್ದರು. ಕ್ಯಾಮೆರಾಗಳು ಅರಳಗೋಡಿಗೆ ಬಂದವು, ಇಲ್ಲವೆನ್ನಲಾರೆ. ಅಷ್ಟರಲ್ಲಿ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ನೂರಾಹನ್ನೊಂದು ವರ್ಷದ ಹಿರಿಯರು. ಟೀವಿಗಳು ಎಲ್ಲ ಬಿಟ್ಟು ತುಮಕೂರಿಗೆ ತಿರುಗಿದ್ದು ಸರಿಯೇ. ನಾನೂ ಕಣ್ಣೊರೆಸಿಕೊಳ್ಳುತ್ತಾ ನೋಡಿದೆ. ಫೆಬ್ರವರಿ 14ಕ್ಕೆ ಪುಲ್ವಾಮಾ. ಆಮೇಲೆ ಲೋಕಸಭೆ ಚುನಾವಣೆ. ಯಾವುದನ್ನು ಬೇಡವೆನ್ನೋಣ? ಆದರೆ ತಿರುಗಿದ ಕ್ಯಾಮೆರಾ ಮತ್ತೆ ಅಷ್ಟೇ ಆಸಕ್ತಿಯಿಂದ ಹಿಂದಕ್ಕೆ ಬರುವುದಿಲ್ಲ, ತೊಂದರೆ ಅಲ್ಲಿದೆ. ಉಣುಗಿಗೆ ಚುನಾವಣೆ ಗೊತ್ತೆ?

ಅದೇ ವರ್ಷದ ಜುಲೈ 10ರ ಮಾತೇ ಬೇರೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಮಾತು ಆಗಷ್ಟೇ ಎದ್ದಿತ್ತು. ತುಂಬಿದಾಗಲೂ ಸಮುದ್ರಮಟ್ಟದಿಂದ 1819 ಅಡಿಯಲ್ಲಿರುವ ನೀರನ್ನು ನಾನೂರು ಕಿಲೋಮೀಟರು ದೂರದ, ಮೂರು ಸಾವಿರ ಅಡಿ ಎತ್ತರದ ಊರಿಗೆ ಪಂಪು ಮಾಡುವುದು! ಊರು, ಗದ್ದೆ, ದೇವಸ್ಥಾನ ಮುಳುಗಿಸಿಕೊಂಡವರ ಮಕ್ಕಳಿಗೆ ಇದು ಬರಿಯ ಎಂಜಿನಿಯರರ ವಿಷಯವಾಗಿರಲಿಲ್ಲ. 'ಮುಳುಗಡೆ', 'ದ್ವೀಪ' ಬರೆದ ನಾ. ಡಿ'ಸೋಜಾ ಇಳಿವಯಸ್ಸಿನಲ್ಲಿ ಹೋರಾಟದ ಮುಂದೆ ನಿಂತರು. ಆ ದಿನ ಶಿವಮೊಗ್ಗ ಜಿಲ್ಲೆ ಬಂದ್. ಅದೇ ದಿನ ಮುಂಬಯಿಯ ಹೋಟೆಲೊಂದರಲ್ಲಿದ್ದ ಅತೃಪ್ತ ಶಾಸಕರನ್ನು ಕಾಣಲು ಹೋದ ಡಿ.ಕೆ. ಶಿವಕುಮಾರ್ ಅವರನ್ನು ಪೊಲೀಸರು ಒಳಗೆ ಬಿಡಲಿಲ್ಲ. ಅವರು ಮಳೆಯಲ್ಲಿ ಹೊರಗೇ ನಿಂತರು. ನಮ್ಮ ಮನೆಯಲ್ಲಿ ಹಾಕಿದ ಚಾನೆಲಿನಲ್ಲಿ ಹೋಟೆಲಿನ ಗೇಟು, ಕೊಡೆ, ಮತ್ತೆ ಗೇಟು. ನಮ್ಮ ಬಂದ್ ಪರದೆಯ ಕೆಳಗೆ ಸಾಲಾಗಿ ಓಡಿಹೋಯಿತು. ಮುಂಬಯಿಯ ಮಳೆ ಅಷ್ಟು ಹೊತ್ತು ತೋರಿಸಿದರು. ಮಳೆಯೆಂದರೆ ಏನೆಂದು ನಮ್ಮನ್ನು ಕೇಳಬಹುದಿತ್ತು. ಸರ್ಕಾರ ಉಳಿಯುವುದೋ ಬೀಳುವುದೋ ಎಂಬುದು ಸಣ್ಣ ಸಂಗತಿಯಲ್ಲ, ಜುಲೈ 23ಕ್ಕೆ ಅದು ಬಿದ್ದೂ ಬಿತ್ತು. ಹಾಗಿದ್ದರೂ ಆ ಗೇಟಿನಲ್ಲಿ ಗಂಟೆಗಟ್ಟಲೆ ಹೊಸದೇನೂ ನಡೆಯುತ್ತಿರಲಿಲ್ಲ. ಅದರಲ್ಲಿ ಹತ್ತು ನಿಮಿಷ ಕೊಟ್ಟಿದ್ದರೆ ನೀರಿನ ಕಥೆಯನ್ನು ನಾಡಿಗೆಲ್ಲ, ನೀರು ಕುಡಿಯಬೇಕಾದ ಬೆಂಗಳೂರಿನವರಿಗೂ, ಅರ್ಥವಾಗುವಂತೆ ಹೇಳಬಹುದಿತ್ತು.

ನಮ್ಮ ಭಾಗಕ್ಕೆ ಇದು ಹೊಸದಲ್ಲ ಎಂಬುದನ್ನೂ ಹೇಳಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಜೂನ್‌ನಲ್ಲಿ ಬಂದು ಸಾಗರದಲ್ಲಿ ಬಂಧಿತರಾದ ಮೇಲೆ ಕಾಗೋಡು ದೇಶದ ಬಾಯಲ್ಲಿ ಬಂತು. ಸಣ್ಣೂರಿನ ಸಂಕಟ ಸುದ್ದಿಯಾಗಬೇಕಾದರೆ ದೊಡ್ಡವರ ಹೆಸರೊಂದು ಅಂಟಿಕೊಳ್ಳಬೇಕು. ಟೀವಿ ಆ ಹಳೆಯ ರೂಢಿಗೆ ವೇಗ ಕೊಟ್ಟಿತು, ಅಷ್ಟೆ.

ಕಡೆಗೂ ಒಂದು ದಿನ ನಾವೇ ದೊಡ್ಡ ಸುದ್ದಿಯಾದೆವು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 470 ಕೋಟಿ ರೂಪಾಯಿಯ, ಎರಡೂಕಾಲು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ 2025ರ ಜುಲೈ 14ರಂದು ಉದ್ಘಾಟಿಸಿದರು. ಸಿಗಂದೂರು ಚೌಡೇಶ್ವರಿಯ ಹೆಸರು ಅದಕ್ಕೆ. ಅರವತ್ತು ವರ್ಷ ಕಾದ ಸೇತುವೆ! ಆದರೆ ಚರ್ಚೆಯೆಲ್ಲ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಯಾಕೆ ಬರಲಿಲ್ಲ, ಆಹ್ವಾನ ಮೊದಲೇ ತಲುಪಿತ್ತೇ, ಶಿಷ್ಟಾಚಾರ ಮುರಿದವರು ಯಾರು ಎಂಬುದರ ಸುತ್ತ. ಅವರಿಗೆ ಅದೇ ದಿನ ಇಂಡಿಯಲ್ಲಿ ಕಾರ್ಯಕ್ರಮವಿತ್ತು ಎಂಬುದನ್ನು ನಾವು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಲಾಂಚು ನಡೆಸುತ್ತಿದ್ದವರನ್ನು ಮುಂದೇನು ಎಂದು ಕೇಳಿದವರು ಕಡಿಮೆ. ಮುಳುಗಡೆಯಾದವರಿಗೆ ಕೊಟ್ಟ ಕಾಡುಜಮೀನಿನ ಡಿನೋಟಿಫಿಕೇಶನ್ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಗಿ, ಜನ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವುದನ್ನು ಆ ದಿನ ಎತ್ತಿದ್ದನ್ನು ನಾನಂತೂ ನೋಡಲಿಲ್ಲ. ಸೇತುವೆಗೆ ಡ್ರೋನ್ ಹಾರಿಸಬಹುದು. ಕಡತಕ್ಕೆ ಎಲ್ಲಿಂದ ಹಾರಿಸುವುದು?

ಅಷ್ಟರಲ್ಲಿ ಆ ಬೆಳಿಗ್ಗೆಯೇ ಬಿ. ಸರೋಜಾದೇವಿ ತೀರಿಕೊಂಡಿದ್ದರು. 1955ರ 'ಮಹಾಕವಿ ಕಾಳಿದಾಸ'ದಿಂದ ನಮ್ಮ ಅಮ್ಮಂದಿರ ಕಾಲದ ಕಣ್ಮಣಿ. ಪರದೆ ಎರಡು ಭಾಗವಾಯಿತು. ಒಂದು ಕಡೆ ಸೇತುವೆ, ಇನ್ನೊಂದು ಕಡೆ 'ಕಿತ್ತೂರು ಚೆನ್ನಮ್ಮ'. ಮನೆಯ ಹುಡುಗರು 'ಸೇತುವೆ ಹಾಕಿ' ಎಂದರೆ, ಹೊಳೆ ದಾಟುವುದರಲ್ಲೇ ಆಯುಸ್ಸು ಕಳೆದ ಪಕ್ಕದ ಮನೆಯ ಅಜ್ಜಿ, 'ಸೇತುವೆ ಎಲ್ಲಿಗೆ ಹೋಗ್ತದೆ, ನಾಳೆಯೂ ಇರ್ತದೆ. ಅವಳನ್ನ ಒಂದ್ಸಲ ನೋಡ್ಬಿಡ್ತೀನಿ, ಹಾಕು' ಎಂದರು. ಹಾಕಿದೆವು.